ನೂರಕ್ಕೊಂದು ಕಾಯಿ

ಹಳದೀಪುರದ ತೆಂಗಿನಕಾಯಿ ಮಂಡಿಗೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಎಣಿಕೆಯ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಜಾಗ ಉಳಿಸುವ ಅತಿಜಾಣತನದಲ್ಲಿ ಎಣಿಕೆಯನ್ನು ‘ಬೈಟ್’ ಎಂಬ ಪುಟ್ಟ ಡಬ್ಬಿಗೆ ಹಾಕಿದ್ದೆ. ಕಾಯಿ ಎಣಿಸುವ ನಾಗವೇಣಕ್ಕ ಒಂದೊಂದೇ ಎಸೆದಂತೆ ನಾನು ಕೀ ಒತ್ತುತ್ತಾ ಹೋದೆ. ನೂರ ಇಪ್ಪತ್ತೇಳು ದಾಟಿದ್ದೇ ತಡ, ಪರದೆಯಲ್ಲಿ ಮೈನಸ್ ನೂರ ಇಪ್ಪತ್ತೆಂಟು!

“ಕಟ್ಕೊಂಡು ಹೋಗಿ ಇದನ್ನ” ಎಂದರು ಮಂಡಿಯ ಯಜಮಾನರು.

ನಾಗವೇಣಕ್ಕ ಮಾತ್ರ ಹತ್ತಿರ ಬಂದು ಕೇಳಿದರು, “ಅದ್ರಲ್ಲಿ ಎಷ್ಟು ಹಿಡೀತದೆ ತಮ್ಮಾ?”

“ನೂರ ಇಪ್ಪತ್ತೇಳು.”

“ಹಾಗಾದ್ರೆ ತುಂಬಿದ ಕೂಡ್ಲೆ ಒಂದು ಗುರುತು ಬದಿಗಿಡೂಕೆ ಅದ್ಕೆ ಹೇಳ್ಬೇಕಿತ್ತು. ನಾವು ನೂರಕ್ಕೊಂದು ಕಾಯಿ ಬದಿಗಿಡೂದು ಮತ್ತೆಂತಕ್ಕೆ?”

ಡಬ್ಬಿ ತುಂಬಿದ ಮೇಲೆ ಏನಾಗುತ್ತದೆಂದು ಮೊದಲೇ ಯೋಚಿಸಬೇಕು ಎಂಬುದು ಇಡೀ ಕಂಪ್ಯೂಟರ್ ಕೋರ್ಸಿನಲ್ಲಿ ನನ್ನ ತಲೆಗೆ ಹೋಗಿರಲಿಲ್ಲ, ಆಗ ಹೋಯಿತು. ಗುರುತಿಡುವ ಗೋಜೇ ಬೇಡವೆಂದು ‘ಬೈಟ್’ ಅಳಿಸಿ, ಇನ್ನೂರು ಕೋಟಿಗೂ ಹೆಚ್ಚು ಹಿಡಿಯುವ ದೊಡ್ಡ ಡಬ್ಬಿಯಾದ ‘ಇಂಟ್’ ಬರೆದೆ. ಕೆಲಸ ಉಳಿಯಿತು. ಆಮೇಲೆ ಮಂಡಿಗೆ ಹೋದಾಗಲೆಲ್ಲ, ಪ್ರೋಗ್ರಾಂ ಸರಿಯಿದೆಯೇ ಎಂದು ನಾಗವೇಣಕ್ಕ ಬದಿಗಿಟ್ಟ ಕಾಯಿಗಳನ್ನು ಮೆಲ್ಲಗೆ ಎಣಿಸಿ ನೋಡುತ್ತಿದ್ದೆ.