ಮಾಳಪ್ಪನ ಎಂಟು ಕೈಯ ದೇವಿ

ಗೆಳೆಯ ಮಾಳಪ್ಪ ತೀರಿಕೊಂಡು ತಿಂಗಳಾಯಿತು. ಶಿಗ್ಗಾವಿಯ ಅವನ ಮನೆಯ ಪಡಸಾಲೆಯಲ್ಲಿ ಬಣ್ಣದ ಬಟ್ಟಲುಗಳು ಒಣಗಿ ಬಿರುಕು ಬಿಟ್ಟಿವೆ. ಅತ್ತ ನೋಡಲು ನನಗಿನ್ನೂ ಆಗುತ್ತಿಲ್ಲ. ನಾಟಕ ಕಂಪನಿಗಳಿಗೆ ಪರದೆ ಬರೆಯುವುದು ಅವನ ಕೆಲಸ. ಬರೆದದ್ದು ಹೆಚ್ಚಾಗಿ ಹೆಂಗಸರನ್ನೇ.

ಹತ್ತು ವರ್ಷದ ಹಿಂದೆ, ೧೯೩೬ರಲ್ಲಿ, ಕರಬಸಪ್ಪನವರ ಕಂಪನಿ ಹಾನಗಲ್ಲಿಗೆ ಬಂತು. ಮುಂಪರದೆಯ ಮೇಲೆ ಮಹಿಷನನ್ನು ಕೊಲ್ಲುವ ದೇವಿ ಇರಬೇಕೆಂದು ಅವರು ಹೇಳಿದ್ದರು. ಮಾಳಪ್ಪ ಎಂಟು ಕೈಗಳನ್ನೇನೋ ಬರೆದ. ಆದರೆ ಅವುಗಳಲ್ಲಿ ಕುಡಗೋಲು, ಮೊರ, ಒನಕೆ, ಕಡಗೋಲು ಇಂಥವೇ ಇದ್ದವು. ದೇವಿಯ ಮೊಣಕಾಲವರೆಗೆ ಗದ್ದೆಯ ಕೆಸರು. ಕೋಣನ ಜಾಗದಲ್ಲಿ ಕೆಚ್ಚಲು ತುಂಬಿದ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು.

ಪರದೆ ಬಿಚ್ಚಿದಾಗ ಕರಬಸಪ್ಪನವರು ಹಣೆ ಬಡಿದುಕೊಂಡರು.

“ಏನಪಾ ಮಾಳಪ್ಪ! ಇಕಿ ರಾಕ್ಷಸನ್ನ ಕೊಲ್ತಾಳೋ, ಹಾಲು ಹಿಂಡ್ತಾಳೋ?”

“ಹಿಂಡ್ತಾಳ್ರಿ ಧಣ್ಯಾರ. ಕೊಂದ್ರ ನಾಳೆ ಮಜ್ಜಿಗಿ ಎಲ್ಲಿಂದ ತರೂದ್ರಿ?”

ಹಾರ್ಮೋನಿಯಂ ನುಡಿಸುವ ಹಯಾತ ನಕ್ಕುಬಿಟ್ಟ. ಕರಬಸಪ್ಪನವರು ನಗಲಿಲ್ಲ. ಮೊದಲ ಆಟದ ದಿನ ಊರ ಹೆಂಗಸರು ಮುಂಪರದೆಯ ದೇವಿಗೆ ಉಡಿ ತುಂಬುವುದು ಆ ಕಂಪನಿಯ ರೂಢಿ.

“ಒಬ್ಬಾಕೀನೂ ಉಡಿ ತುಂಬಲಿಲ್ಲಂದ್ರ ಇದರ ಮ್ಯಾಲ ಬಿಳಿ ಬಣ್ಣ ಬಳದು ಲಕ್ಷ್ಮೀನ ಬರೀಬೇಕು, ನೋಡು ಮತ್ತ” ಎಂದು, ಬಿಳಿ ಬಣ್ಣದ ಡಬ್ಬಿಯನ್ನು ರಂಗದ ಮೇಲೆಯೇ ತರಿಸಿ ಇಟ್ಟರು.

ಅಂದೇ ಮೊದಲ ಆಟ. ಸಂಜೆ ಹೆಂಗಸರು ಉಡಿಯ ತಟ್ಟೆ ಹಿಡಿದು ಬಂದವರು, ಪರದೆ ನೋಡಿ ನಿಂತುಬಿಟ್ಟರು. ಯಾರೂ ಮುಂದೆ ಬರಲಿಲ್ಲ. ಮಾಳಪ್ಪ, ಜೊತೆಗೆ ಬಂದಿದ್ದ ನನ್ನ ರಟ್ಟೆ ಹಿಡಿದುಕೊಂಡ.

ಮಾಸೂರಿನಿಂದ ಮಗಳ ಮನೆಗೆ ಬಂದಿದ್ದ ದುರಗವ್ವ, ಗದ್ದೆ ಕೆಲಸದಾಕೆ, ಪರದೆಯ ಹತ್ತಿರ ಹೋಗಿ ಕತ್ತೆತ್ತಿದಳು.

“ಅಯ್ಯ, ಕಾಲಾಗಿನ ರಾಡಿ ನೋಡ್ರವ್ವಾ, ನಮ್ಮ ಗದ್ದೀದ ಐತಿ! ಯವ್ವಾ, ಇಷ್ಟಕ್ಕ ಎಂಟು ಕೈ ಬೇಕಾದ್ವೇನ ನಿನಗ? ನಾ ಎರಡರಾಗ ಮಾಡಾಕತ್ತೇನಿ!”

ಹೀಗೆಂದು ಅಕ್ಕಿ, ಖಣ, ತೆಂಗಿನಕಾಯಿ ಇಟ್ಟು ಕೈಮುಗಿದಳು.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಗುತ್ತಲೇ ನುಗ್ಗಿದರು. ರಂಗದ ತುದಿಯಲ್ಲಿ ಅಕ್ಕಿ ರಾಶಿ ಬಿತ್ತು. ಒಬ್ಬಳು ಎಮ್ಮೆಗೂ ಕುಂಕುಮ ಹಚ್ಚಿದಳು. ರಾಜನ ವೇಷದವನು ಕಾಲಿಡಲು ಜಾಗವಿಲ್ಲದೆ ಮೂಲೆಯಲ್ಲಿ ಕಾಯುತ್ತ ನಿಂತ.

ಕರಬಸಪ್ಪನವರು ರುಮಾಲು ಸರಿಮಾಡಿಕೊಂಡರು. “ಮಾಳಪ್ಪಾ, ಸವಣೂರಿನ ಆಟಕ್ಕ ಇಂಥಾದ್ದ ಇನ್ನೊಂದು ಬೇಕು ನೋಡಪಾ.”

ಮಾಳಪ್ಪ ತನ್ನ ದೇವಿಯನ್ನು ಅಳಿಸಲು ತರಿಸಿದ್ದ ಡಬ್ಬಿಯನ್ನು ಎತ್ತಿಕೊಂಡು ಹಿಂದಕ್ಕೆ ಹೋದ. ಹೊಸ ಬಟ್ಟೆ ಹಾಸಿ, ಅದೇ ಬಿಳಿ ಬಣ್ಣದಿಂದ ಮುಂದಿನ ದೇವಿಗೆ ತಳಬಣ್ಣದ ಮೊದಲ ಕೈ ಬಳಿಯತೊಡಗಿದ. ಅತ್ತ ನಾಂದಿ ಹಾಡು ಶುರುವಾಗಿತ್ತು. ಇತ್ತ ಇವನೂ ದನಿಗೂಡಿಸಿದ್ದ, ಶ್ರುತಿ ತಪ್ಪಿ, ಗಟ್ಟಿಯಾಗಿ.