ಕಾಗೆಗೆ ಕೊಟ್ಟ ಮಾತು

ನಮ್ಮ ಮನೆಯ ಸೋಫಾ ಮೂವರಿಗೆಂದು ಮಾಡಿದ್ದು. ಭಾನುವಾರ ಅದರ ಮೇಲೆ ನಾಲ್ವರು ಒತ್ತಿಕೊಂಡು ಕೂರುತ್ತಿದ್ದರು: ನನ್ನ ಅಣ್ಣ, ಅವನ ಮೂವರು ಗೆಳೆಯರು. ನನಗೆ ಸಿಗುತ್ತಿದ್ದದ್ದು ಸೋಫಾದ ಕೈ. ನಾಲ್ವರೂ ವಾಸ್ಕೋದಲ್ಲಿ ಪೈಲಟ್‌ಗಳು. ವಿಮಾನದವರಲ್ಲ, ಮೋಟರ್‌ಸೈಕಲ್ಲಿನ ಹಿಂದೆ ಗಿರಾಕಿಯನ್ನು ಕೂರಿಸಿಕೊಂಡು ಬಾಡಿಗೆ ಹೊಡೆಯುವವರಿಗೆ ಗೋವಾದಲ್ಲಿ ಹಾಗೆನ್ನುತ್ತಾರೆ. ಮಂಗೋರ್ ಹಿಲ್‌ನ ನಮ್ಮ ಓಣಿಯಲ್ಲಿ ಹಳದಿ ಮಡ್‌ಗಾರ್ಡಿನ ಗಾಡಿಗಳು ಸಾಲಾಗಿ ನಿಂತರೆ, ಇವತ್ತು ಮಧ್ಯಾಹ್ನದ ನಿದ್ದೆಗೆ ಕಲ್ಲು ಬಿತ್ತು ಎಂದು ನೆರೆಯವರು ಗೊಣಗುತ್ತಿದ್ದರು.

ಕಾರಣ ವಿಡಿಯೋ ಗೇಮ್. ಹಡಗಿನ ಮೇಲೆ ದುಡಿಯುತ್ತಿದ್ದ ಒಬ್ಬಾತ ಸಿಂಗಪುರದಿಂದ ತಂದದ್ದನ್ನು ಅಣ್ಣ ಕೊಂಡುಕೊಂಡಿದ್ದ. ಟೀವಿಗೆ ಸಿಕ್ಕಿಸುವ ಪೆಟ್ಟಿಗೆ, ಎರಡು ರಿಮೋಟು, ಒಂದು ಕ್ಯಾಸೆಟ್ಟು. ಅದು ಹಿಡಿಯದಿದ್ದಾಗ ನಾಲ್ವರೂ ಸರದಿಯಂತೆ ಅದರ ಬಾಯಿಗೆ ಊದುವುದನ್ನು ನೋಡಿ, ಒಲೆ ಊದಲು ಕರೆದರೆ ಒಬ್ಬರೂ ಬರುವುದಿಲ್ಲ ಎಂದು ಅವ್ವ ನಗುತ್ತಿದ್ದಳು.

ಅವರಿಗೆ ಹುಚ್ಚು ಹಿಡಿಸಿದ್ದು ಟ್ಯಾಂಕಿನ ಆಟ. ಪರದೆಯ ತಳದಲ್ಲಿ ಇಟ್ಟಿಗೆಯ ಗೂಡು, ಅದರೊಳಗೊಂದು ಹಕ್ಕಿ. ಇಬ್ಬರು ಸೇರಿ ಅದನ್ನು ಕಾಯಬೇಕು. ಮೇಲಿನಿಂದ ಇಳಿಯುವ ವೈರಿ ಟ್ಯಾಂಕು ಹಕ್ಕಿಗೆ ಗುಂಡು ಹೊಡೆಯಿತೆಂದರೆ ಇಬ್ಬರದೂ ಆಟ ಮುಗಿಯಿತು. ಮೊದಲನೇ ರಿಮೋಟು ಅಣ್ಣನದು, ಅವನ ಟ್ಯಾಂಕು ಹಳದಿ. ಎರಡನೆಯದನ್ನು ಹೆಚ್ಚಾಗಿ ಹಿಡಿಯುತ್ತಿದ್ದವನು ಒಬ್ಬ ಗಿಡ್ಡನೆಯ ಗೆಳೆಯ, ಅವನದು ಹಸಿರು. ಉಳಿದಿಬ್ಬರ ಕೆಲಸ ಕಿರುಚುವುದು, ತಪ್ಪಿದವನ ತಲೆಗೆ ಹೊಡೆಯುವುದು. ಎಷ್ಟು ಆಡಿದರೂ ಅರ್ಧ ದಾರಿಯಲ್ಲಿ ಹಕ್ಕಿ ಹೋಗುತ್ತಿತ್ತು. ಕೊನೆಯ ಸ್ಟೇಜ್ ಆದಮೇಲೆ ಏನು ಬರುತ್ತದೆ ಎಂಬುದು ಅವರ ವಾರವಾರದ ಜಗಳ. ಒಬ್ಬ ರಾಜಕುಮಾರಿ ಎಂದರೆ ಇನ್ನೊಬ್ಬ ಬಾಂಬು ಎನ್ನುತ್ತಿದ್ದ. ಅಣ್ಣ ಮಾತ್ರ, "ಆಡ್ರಿ ಸುಮ್ನ, ತಾನ ಗೊತ್ತಾಗತೈತಿ" ಎಂದು ನಗುತ್ತಿದ್ದ.

ಮಳೆಗಾಲ ಹಿಡಿದ ಹೊಸತರಲ್ಲಿ, ಕೊರ್ತಾಲಿಮ್ ಹತ್ತಿರದ ತಿರುವಿನಲ್ಲಿ ಅದಿರಿನ ಲಾರಿಯೊಂದು ಅವನ ಗಾಡಿಗೆ ಬಡಿಯಿತು. ಹಿಂದೆ ಕೂತ ಗಿರಾಕಿ ಕಾಲು ಮುರಿದುಕೊಂಡು ಬದುಕಿದ. ಅಣ್ಣ ಆಸ್ಪತ್ರೆಯ ದಾರಿಯಲ್ಲೇ ಹೋದ.

ಸತ್ತವರ ಮನೆಗೆ 'ಮಾತಾಡಿಸಾಕ' ಬರುವುದು ನಮ್ಮ ಕಡೆಯ ಪದ್ಧತಿ. ಬಂದವರೆಲ್ಲ ಅದೇ ಸೋಫಾದ ಮೇಲೆ ಕೂತು, ಮುಚ್ಚಿಟ್ಟ ಟೀವಿಯನ್ನು ನೋಡುತ್ತ, ಹಣೆಬರಹಕ್ಕೆ ಹೊಣೆ ಯಾರು ಎಂದರು. "ದೇವರಿಗೆ ಛಲೋ ಮಂದೀನ ಬೇಕಾಗತಾರ ನೋಡ್ರಿ" ಎಂದಳು ಒಬ್ಬಳು. ಅದಕ್ಕೇ ನಿಮ್ಮನ್ನು ಇಲ್ಲೇ ಬಿಟ್ಟಿದ್ದಾನೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಆ ದಿನಗಳಲ್ಲಿ ಅಳುವುದಕ್ಕಿಂತ ಸಿಟ್ಟಾಗುವುದು ಸುಲಭವಾಗಿತ್ತು.

ಹತ್ತನೇ ದಿನದ ಕಾರ್ಯಕ್ಕೆ ಸಮುದ್ರದ ದಂಡೆಗೆ ಹೋದೆವು. ಎಲೆಯ ಮೇಲೆ ಅವನಿಗೆ ಸೇರುತ್ತಿದ್ದ ಎಣ್ಣೆಗಾಯಿ, ರೊಟ್ಟಿ, ಗೋಧಿ ಹುಗ್ಗಿ, ಜೊತೆಗೆ ಬೇಕರಿಯ ಒಂದು ಪಾವು. ಎಡೆಯನ್ನು ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಹೋದವನ ಆಸೆ ಏನೋ ಉಳಿದಿದೆಯೆಂದು ಅರ್ಥ. ಅದು ಯಾವುದೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಅಲ್ಲಿ ಕಾಗೆಗಳಿಗೇನು ಬರವೇ? ಒಂದು ಬಂದು ಗೋಡೆಯ ಮೇಲೆ ಕೂತು ಎಡೆಯನ್ನೇ ನೋಡಿತು. ಇಳಿಯಲಿಲ್ಲ.

"ತಂಗಿ ಮದುವಿ ಛಲೋ ಕಡೆ ಮಾಡತೀನೋ, ಬಾ" ಎಂದ ಅಪ್ಪ. ಕಾಗೆ ಕದಲಲಿಲ್ಲ. "ನಾ ಅಳೂದಿಲ್ಲೋ ಮಗನ" ಎಂದು ಹೆಂಗಸರ ನಡುವಿನಿಂದ ಅವ್ವ ಕೂಗಿದಳು, ಅಳುತ್ತಲೇ. ಬಿಸಿಲೇರಿತು. ಸೋದರಮಾವ, ದೊಡ್ಡಪ್ಪ ಎಲ್ಲರೂ ಏನೇನೋ ಹೇಳಿ ಸೋತರು. ಆಗ ಹಿಂದೆ ನಿಂತಿದ್ದ ಆ ಗಿಡ್ಡ ಗೆಳೆಯ ಮುಂದೆ ಬಂದು, ಯಾರ ಮುಖವನ್ನೂ ನೋಡದೆ ಅಂದುಬಿಟ್ಟ:

"ಲೇ ದೋಸ್ತಾ, ಆ ಟ್ಯಾಂಕಿನ ಆಟ ಅರ್ಧಕ್ಕ ನಿಂತೈತೆಲ್ಲೋ. ನಾವು ಕುಂತು ಮುಗಸ್ತೀವಿ. ಖರೇನ ಮುಗಸ್ತೀವಿ, ಬಾರೋ."

ಅಪ್ಪ ಅವನನ್ನು ನುಂಗುವಂತೆ ನೋಡಿದ. ಅಷ್ಟರಲ್ಲಿ ಕಾಗೆ ಇಳಿದು ಬಂದು ಪಾವು ಕಚ್ಚಿಕೊಂಡು ಹಾರಿತು.

ಅವತ್ತೇ ಅವ್ವ ಮೂವರನ್ನೂ ಕೂರಿಸಿಕೊಂಡು ಹೇಳಿದಳು: "ಕೊಟ್ಟ ಮಾತು ತಪ್ಪಬ್ಯಾಡ್ರಪಾ. ಆಟ ಮುಗಿಯೂ ತನಕಾ ಅಂವ ಎಲ್ಲೀನೂ ಹೋಗಾಂಗಿಲ್ಲ." ಮೂವರೂ ತಲೆಯಾಡಿಸಿದರು. ಮಗನ ಜೀವ ಆ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿದೆ, ಆಟ ಮುಗಿಸಿ ಬಿಡಿಸಿಕೊಡಿ ಎಂದು ಕೇಳುತ್ತಿದ್ದಾಳೆಂದೇ ನಾವೆಲ್ಲ ತಿಳಿದೆವು.

ಮುಂದಿನ ಭಾನುವಾರ ಬಂದರು. ಗಿಡ್ಡ ಗೆಳೆಯ ಎರಡನೇ ರಿಮೋಟು ಹಿಡಿದ. ಮೊದಲನೆಯದನ್ನು ಮುಟ್ಟಲು ಒಬ್ಬರಿಗೂ ಕೈ ಬರಲಿಲ್ಲ. ಆಟ ಶುರುವಾಯಿತು. ಹಳದಿ ಟ್ಯಾಂಕು ಹುಟ್ಟಿದಲ್ಲೇ ನಿಂತಿತ್ತು. ವೈರಿಯೊಂದು ಸಾವಕಾಶವಾಗಿ ಬಂದು ಅದನ್ನು ಉಡಾಯಿಸಿತು. ಅದು ಮತ್ತೆ ಹುಟ್ಟಿ, ಮತ್ತೆ ಸುಮ್ಮನೆ ನಿಂತುಕೊಂಡಿತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ ಅವ್ವ ಎದ್ದು ಬಂದು ರಿಮೋಟನ್ನು ನನ್ನ ಮಡಿಲಲ್ಲಿಟ್ಟಳು. "ಹಿಡಿ ಇದನ. ಹಂಗ ನಿಂದರಸಬ್ಯಾಡ ಅವನ್ನ."

ಹಿಡಿದೆ. ಹಿಡಿಯಲು ಕೂತದ್ದು ಅಣ್ಣನ ಜಾಗದಲ್ಲಿ. ಅಲ್ಲಿ ಸ್ಪ್ರಿಂಗು ಅವನ ಭಾರಕ್ಕೆ ತಗ್ಗಿತ್ತು.

ಕಿರುಚಾಟವಿಲ್ಲದ ಆ ಭಾನುವಾರಗಳನ್ನು ನಾನು ದ್ವೇಷಿಸಿದೆ. ಹಕ್ಕಿ ಸತ್ತರೆ ಯಾರೂ ಯಾರ ತಲೆಗೂ ಹೊಡೆಯುತ್ತಿರಲಿಲ್ಲ, ಅಪರಾಧ ಮಾಡಿದವರಂತೆ ನೆಲ ನೋಡಿ ಮತ್ತೆ ಶುರು ಮಾಡುತ್ತಿದ್ದೆವು. ಅವ್ವ ದೊಡ್ಡ ಬೋಗುಣಿಯಲ್ಲಿ ಚಹಾ ಇಟ್ಟು, ಚುರುಮುರಿ ಒಗ್ಗರಿಸಿ ಕೊಟ್ಟು, ನೆಲದ ಮೇಲೆ ಕೂತು ನೋಡುವಳು. ಟೀವಿಯನ್ನಲ್ಲ, ಹುಡುಗರ ಮುಖಗಳನ್ನು. ಊಟ ಆತೇನಪಾ ಎಂದು ಕೇಳುವಳು, ಗಾಡಿ ಸಾವಕಾಶ ಹೊಡೀರಿ ಎನ್ನುವಳು. ವಾರವೆಲ್ಲ ಅವಳು ಬಾಯಿ ಬಿಡುತ್ತಿದ್ದದ್ದು ಅಷ್ಟಕ್ಕೇ.

ದಿನ ಕಳೆದಂತೆ ಒಬ್ಬನಿಗೆ ಮದುವೆಯಾಯಿತು, ಅವನು ಬರುವುದು ತಪ್ಪಿತು. ಇನ್ನೊಬ್ಬ ಗಾಡಿ ಮಾರಿ ಫಾತೋರ್ಡಾದಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ. ಇವರ ಗೆಳೆತನ ಇಷ್ಟೇ ಎಂದು ಹೊಟ್ಟೆ ಉರಿಯಿತು. ಆದರೆ ಅವರನ್ನು ಅಂದು ಏನು ಫಲ? ಪ್ರತಿ ವಾರ ಸಾವಿನ ಮನೆಗೆ ಬಾ ಎಂದರೆ ಯಾರು ಬಂದಾರು. ಉಳಿದವನು ಗಿಡ್ಡ ಗೆಳೆಯನೊಬ್ಬನೇ.

ಒಂದು ಭಾನುವಾರ ನಮ್ಮ ಕೈ ಕೂಡಿಬಂತು. ಒಂದಾದ ಮೇಲೊಂದು ಸ್ಟೇಜ್ ದಾಟಿ, ಅಣ್ಣ ಇದ್ದಾಗಲೂ ನಾವ್ಯಾರೂ ಕಾಣದಿದ್ದ ಜಾಗಗಳನ್ನೆಲ್ಲ ದಾಟಿದೆವು. ಕೊನೆಯದೂ ಆಯಿತು. ಪರದೆ ಮುಚ್ಚಿ ತೆರೆಯಿತು. ರಾಜಕುಮಾರಿಯೂ ಇರಲಿಲ್ಲ, ಬಾಂಬೂ ಇರಲಿಲ್ಲ. ಎದುರಿಗೆ ನಿಂತದ್ದು ಮೊಟ್ಟಮೊದಲ ಸ್ಟೇಜಿನ ಅವೇ ಗೋಡೆಗಳು. ಆಟ ತಿರುಗಿ ಮೊದಲಿನಿಂದ ಶುರುವಾಗಿತ್ತು.

ಗಿಡ್ಡ ಗೆಳೆಯ ನನ್ನತ್ತ ನೋಡಿದ. ಅವ್ವ ಒಳಗೆ ಚಹಾ ಸೋಸುತ್ತಿದ್ದಳು. ಅವನು ತಟ್ಟನೆ ಎದ್ದು ಟೀವಿ ಆರಿಸಿದ.

"ಮುಗೀತ್ರಿ ಅವ್ವಾರ" ಎಂದು ಕೂಗಿದ. "ಕಡೀದೂ ಆತ್ರಿ. ಮುಗಸಿಬಿಟ್ವಿ."

ಅವ್ವ ಹೊರಗೆ ಬಂದು ಕಪ್ಪು ಟೀವಿಯನ್ನು ಒಂದು ಕ್ಷಣ ನೋಡಿದಳು. ಮರಳಿ ಒಳಗೆ ಹೋಗಿ ಸಕ್ಕರೆ ತಂದು ಅವನ ಬಾಯಿಗೆ ಹಾಕಿದಳು. "ಮಾತು ಉಳಿಸಿಕೊಂಡಿ. ಛಲೋ ಆಗಲಪಾ ನಿಂಗ" ಎಂದಳು. ಅವನು ಕಾಲು ಮುಟ್ಟಿ, ಅಲ್ಲೇ ಮುಖ ಮುಚ್ಚಿಕೊಂಡು ಅತ್ತು, ಹೊರಟುಹೋದ. ಗಾಡಿ ಇಳಿಜಾರಿನಲ್ಲಿ ಇಳಿಯುವ ಸದ್ದು ಕೇಳುತ್ತ, ಎಂಥ ದೊಡ್ಡ ಮನಸ್ಸು ಇವನದು, ಅವ್ವನ ಎದೆಯ ಭಾರ ಇಳಿಸಿದ ಎಂದುಕೊಂಡೆ. ನನಗೂ ಹಗುರಾಗಿತ್ತು.

ಮರುವಾರ ಅವ್ವ ಎಂದಿನಂತೆ ದೊಡ್ಡ ಬೋಗುಣಿಯ ತುಂಬ ಚಹಾ ಮಾಡಿಟ್ಟಳು. ಓಣಿಯಲ್ಲಿ ಗಾಡಿ ನಿಲ್ಲಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಅವಳು ಸೋಫಾದ ತಗ್ಗಿನಲ್ಲಿ ಕೂತು ಅಳುತ್ತಿದ್ದಳು.

"ಅಣ್ಣಗ ದಾರಿ ಸಿಕ್ತಲ್ಲ ಬೇ. ಮತ್ತ್ಯಾಕ ಅಳತಿ?" ಎಂದೆ.

"ಆ ಆಟ ಮುಗಿಯೂದಲ್ಲ" ಎಂದಳು ಅವ್ವ. "ಅಂವ ಹೋಗೂ ಮೊದಲಿನ ವರ್ಷ, ಮಳಿಗಾಲದಾಗ, ಬಾಡಿಗಿ ಇಲ್ಲದ ದಿನಾ, ಒಬ್ಬನ ಕುಂತು ಕಡೀತನಕಾ ಆಡಿದ್ದ. ನಾ ಬಾಜೂಕ ಅಕ್ಕಿ ಹಸನ ಮಾಡಕೋತ ಕುಂತಿದ್ದೆ. ಮತ್ತ ಮೊದಲಿನವ ಗ್ವಾಡಿ ಬಂದ್ವು."

"ಗೆಳೆಯಾರಿಗೆ ಯಾಕ ಹೇಳಲಿಲ್ಲ ಅಂವ?"

"ನನ್ನ ಬಾಯೀನೂ ಕಟ್ಟಿದ್ದ. ಹೇಳಬ್ಯಾಡ ಬೇ ಯವ್ವಾ, ಇಷ್ಟ ಐತಿ ಅಂತ ಗೊತ್ತಾದ್ರ ಅವ್ರು ಬರೂದ ಬಿಡತಾರ, ಅಂದಿದ್ದ."

ಅವಳು ಎದ್ದು ಬೋಗುಣಿಯನ್ನು ಒಯ್ದು ಚಹಾವನ್ನು ಬಚ್ಚಲಿಗೆ ಸುರಿದಳು.