ಪೋಸ್ಟರಿನ ಕೆಳಗಿನ ಸಾಲು

ದೆಹಲಿಯಲ್ಲಿ ಅದು ನನ್ನ ಎರಡನೇ ಚಳಿಗಾಲ. ಯುದ್ಧಕಾಲದ ಪೋಸ್ಟರುಗಳ ವಿನ್ಯಾಸದ ಮೇಲೆ ಸಂಶೋಧನೆ ಮಾಡುತ್ತೇನೆಂದು ಜಂಬದಿಂದ ಬಂದವಳು, ಸರ್ಕಾರಿ ಗೋದಾಮೊಂದರ ಧೂಳಿನಲ್ಲಿ ಸ್ಕೇಲು ಹಿಡಿದು ಕೂತಿದ್ದೆ. ಅಕ್ಷರ ಎಷ್ಟು ಇಂಚು, ಅಂಚು ಎಷ್ಟು ಇಂಚು ಎಂದು ಬರೆದುಕೊಳ್ಳುವುದೇ ಕೆಲಸ. ಬೆಳಿಗ್ಗೆ ಚಹಾದ ಭಯ್ಯಾನಿಗೆ ‘ಏಕ್ ಚಾಯ್’ ಅಂದರೆ ಅಂದಿನ ಮಾತು ಮುಗಿಯಿತು. ಭಾನುವಾರ ಅಮ್ಮ ಫೋನಿನಲ್ಲಿ ಊಟದ ವಿಚಾರ ಕೇಳುವಳು, ‘ಆಯ್ತು’ ಎನ್ನುವೆ. ಶುದ್ಧ ಸುಳ್ಳು. ಒಬ್ಬಳಿಗೋಸ್ಕರ ಯಾರು ಒಲೆ ಹಚ್ಚುತ್ತಾರೆ ಎಂದು ಬಿಸ್ಕತ್ತು ತಿಂದು ಮಲಗುತ್ತಿದ್ದೆ.

ಒಂದು ದಿನ ಮೂಲೆಯಲ್ಲಿ ಕನ್ನಡ ಪೋಸ್ಟರುಗಳ ಕಟ್ಟು ಸಿಕ್ಕಿತು. ಎಪ್ಪತ್ತೊಂದರ ಯುದ್ಧದ್ದು. ಕಟ್ಟು ಬೆಂಗಳೂರಿಗೆ ಹೊರಡುವ ಮೊದಲೇ ಯುದ್ಧ ಮುಗಿದುಹೋಗಿತ್ತು. ಅಚ್ಚಾದ ಅಷ್ಟೂ ಪ್ರತಿ ಇಲ್ಲೇ ಉಳಿದಿವೆ, ಒಂದೂ ಹೊರಗೆ ಹೋಗಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆದಿತ್ತು. ಅರಗಿನ ಮುದ್ರೆ ಒಡೆದಿರಲಿಲ್ಲ. ಸೆಣಬಿನ ಹುರಿಯನ್ನು ನಾನೇ ಬ್ಲೇಡಿನಿಂದ ಕತ್ತರಿಸಿದೆ.

ಚಿತ್ರ ಎಲ್ಲ ಭಾಷೆಗಳಿಗೂ ಒಂದೇ: ಕಾವಿಬಣ್ಣದ ಆಕಾಶ, ಕೆಳಗಿನಿಂದ ನೋಡಿದಂತೆ ಬರೆದ ಎತ್ತರದ ಸೈನಿಕ, ಅವನ ಬೂಟಿನ ಕೆಳಗೆ ಆಯಾ ಭಾಷೆಗೆಂದು ಬಿಟ್ಟ ಬಿಳಿ ಪಟ್ಟಿ. ಪಟ್ಟಿಯನ್ನು ಅಳೆದದ್ದು ಹಿಂದಿಗೆ. ನಮ್ಮ ಒತ್ತಕ್ಷರಗಳು ಪಾಪ, ಕಾಲು ಎಲ್ಲಿ ಚಾಚಬೇಕು? ಆದರೂ ಯಾರೋ ಪುಣ್ಯಾತ್ಮ ತಲೆಕಟ್ಟು ತಗ್ಗಿಸಿ, ಒತ್ತುಗಳಿಗೆ ಜಾಗ ಮಾಡಿಕೊಟ್ಟು, ‘ದೇಶ ಎಚ್ಚೆತ್ತಿದೆ, ನೀವೂ ಎಚ್ಚರವಾಗಿರಿ’ ಎಂದು ಕುಂಚದಲ್ಲಿ ದುಂಡಗೆ ಬರೆದಿದ್ದ. ಅಳೆಯುತ್ತಾ ಬಲಗಡೆಯ ಮೂಲೆಗೆ ಬಂದೆ. ಅಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು.

‘ಊಟ ಆಯ್ತಾ?’

ಅಯ್ಯೋ ದೇವರೇ! ಯುದ್ಧದ ಪೋಸ್ಟರಿನಲ್ಲಿ! ಮೊದಲು ನಗು ಬಂತು. ಆಮೇಲೆ ಆ ಧೂಳಿನಲ್ಲೇ ಕೂತು ಗೊಳೋ ಎಂದು ಅತ್ತೆ. ಯಾರು ಯಾರನ್ನು ಕೇಳಿದ್ದು ಎಂದು ತಿಳಿಯದೆ ನನಗೆ ಸಮಾಧಾನವಿರಲಿಲ್ಲ.

ಕನ್ನಡ ಬರೆದದ್ದು ಯಾರೆಂದು ಗೋದಾಮಿನ ಗುಮಾಸ್ತನಿಗೆ ಗೊತ್ತಿತ್ತು. ‘ಅರೇ, ವೋ ಮದ್ರಾಸಿ ಪೇಂಟರ್? ರೋಹಿಣಿ ಮೇ ರೆಹತೇ ಹೈಂ,’ ಎಂದ. ಮದ್ರಾಸಿ ಅಲ್ಲ ಎಂದು ತಿದ್ದುವ ಚಟವನ್ನು ನಾನು ಅಷ್ಟು ಹೊತ್ತಿಗೆ ಬಿಟ್ಟಿದ್ದೆ.

ಮೆಟ್ರೋ ಆಗಷ್ಟೇ ರೋಹಿಣಿ ಬಡಾವಣೆಗೆ ಬಂದಿತ್ತು, ಅದರಲ್ಲೇ ಹೋದೆ. ಬಾಗಿಲು ತೆಗೆದ ಮುದುಕರು ಸಂಗತಿ ಕೇಳಿದ್ದೇ ಬೆಚ್ಚಿಬಿದ್ದರು.

‘ನಾನಲ್ಲಮ್ಮಾ. ಪೆನ್ಶನ್‌ನಲ್ಲಿ ಬದುಕ್ತಿದೀನಿ, ಹೊಟ್ಟೆ ಮೇಲೆ ಹೊಡೀಬೇಡ.’

‘ನಾನು ಆಫೀಸಿನವಳಲ್ಲ ಸರ್. ಓದೋಳು. ಅಲ್ಲಿ ಅದನ್ನ ಓದೋಕೆ ಬರೋದು ನನಗೊಬ್ಬಳಿಗೇ.’

‘ಆಗಲೂ ಅಷ್ಟೇ,’ ಎಂದು ಮೆಲ್ಲಗೆ ನಕ್ಕು ಒಳಗೆ ಕರೆದರು. ‘ಇಡೀ ಆಫೀಸಲ್ಲಿ ಕನ್ನಡ ಬರ್ತಿದ್ದವನು ನಾನೊಬ್ಬನೇ. ಏನು ಬರೆದರೂ ಅಚ್ಛಾ ಹೈ ಅಂತ ಸಹಿ ಹಾಕೋರು.’

ಗೋಡೆಯ ಮೇಲೆ ಹೆಂಡತಿಯ ಫೋಟೋ ಇತ್ತು, ಹಾರ ಹಾಕಿತ್ತು. ತೀರಿಕೊಂಡು ವರ್ಷವಾಗಿತ್ತಂತೆ. ಮದುವೆಯ ಹೊಸತರಲ್ಲಿ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿದ್ದಾಗ ಆಕೆ ಜಗಳವಾಡಿ ಅರಸೀಕೆರೆಯ ತವರಿಗೆ ಹೋಗಿಬಿಟ್ಟಿದ್ದರು.

‘ತಪ್ಪು ನಂದೇ. ಹಗಲೂ ರಾತ್ರಿ ಆಫೀಸು ಅಂತಿದ್ದೆ. ಇಡೀ ದಿನ ಗೋಡೆ ನೋಡ್ಕೊಂಡು ಕೂತಿರ್ತೀನಿ, ಊಟ ಆಯ್ತಾ ಅಂತ ಕೇಳೋರು ಒಬ್ಬರಿಲ್ಲ ಅಂದಳು. ಹೊರಟೇಹೋದಳು. ಕಾಗದ ಬರೆದರೆ ಉತ್ತರ ಇಲ್ಲ. ಯುದ್ಧ ಅಂತ ರಜೆ ಇಲ್ಲ. ಅವಳ ಮನೆ ಎದುರಿಗೇ ಪೋಸ್ಟಾಫೀಸು. ಪೋಸ್ಟರು ಅಲ್ಲಿ ಅಂಟಿಸೇ ಅಂಟಿಸ್ತಾರೆ ಅಂತ...’

‘ಆಮೇಲೆ?’

‘ಸಂಕ್ರಾಂತಿ ಕಳೆದ ವಾರಕ್ಕೆ ಟ್ರಂಕು ತಗೊಂಡು ಬಂದಿಳಿದಳು! ಓದಿಯೇ ಬಂದಳು ಅಂತ ನಾನು. ಕೇಳೋಕೆ ನಾಚಿಕೆ. ಮೂವತ್ತು ವರ್ಷ ಕೇಳಲಿಲ್ಲ, ಈಗ ಕೇಳೋಣ ಅಂದ್ರೆ ಅವಳೇ ಇಲ್ಲ.’

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಲೇ ಇದ್ದರು. ಬಹಳ ಹೊತ್ತು ಒರೆಸಿದರು.

‘ನಾವು ಬರೆದುಕೊಟ್ಟದ್ದು ಆಮೇಲೆ ಎಲ್ಲಿಗೆ ಹೋಗುತ್ತೆ ಅಂತ ನಮಗೆ ಯಾರು ಹೇಳ್ತಿದ್ದರು? ನಿನಗೆ ಸಿಕ್ಕಿದೆಯಲ್ಲ ಮಗೂ, ಅದು ಗೋಡೆಯಿಂದ ಕಿತ್ತದ್ದಾ? ಹಿಂದುಗಡೆ ಅಂಟಿನ ಕಲೆ ಇತ್ತಾ?’

ನನ್ನ ಚೀಲದಲ್ಲಿ ಆ ಬ್ಲೇಡು ಇತ್ತು. ಒಂದೂ ಹೊರಗೆ ಹೋಗಿಲ್ಲ ಎಂದು ರಿಜಿಸ್ಟರಿನಿಂದ ಬರೆದುಕೊಂಡ ನೋಟ್‌ಪುಸ್ತಕವೂ ಇತ್ತು. ಪೋಸ್ಟರು ನೋಡದೆ, ಆಕೆ ತಾನಾಗಿಯೇ ಬಂದದ್ದು ಎಂದು ಹೇಳಬಹುದಿತ್ತು. ಹಾಗೆ ಬಂದದ್ದೇನು ಸಣ್ಣ ಮಾತಲ್ಲ. ಆದರೆ ನನಗೆ ಎದೆ ಸಾಲಲಿಲ್ಲ.

‘ಇತ್ತು ಸರ್. ಚೆನ್ನಾಗಿ ಅಂಟಿಸಿದ್ದರು. ಕಿತ್ತಾಗ ಮೂಲೆ ಹರಿದಿದೆ.’

ಅವರು ಫೋಟೋದ ಕಡೆ ನೋಡಿ, ‘ನಾನು ಹೇಳಲಿಲ್ವಾ?’ ಎಂದರು. ಆ ಪೋಸ್ಟರನ್ನು ನಾನು ಕೊನೆಗೂ ಪ್ರಬಂಧದಲ್ಲಿ ಸೇರಿಸಲಿಲ್ಲ. ಸೇರಿಸಿದ್ದರೆ ಎಲ್ಲಿ, ಹೇಗೆ ಸಿಕ್ಕಿತೆಂದು ಬರೆಯಬೇಕಾಗುತ್ತಿತ್ತು.

ಚಹಾಕ್ಕೆಂದು ಎದ್ದವರು ಗಡಿಯಾರ ನೋಡಿ ನಿಂತರು. ಎರಡು ಗಂಟೆ ದಾಟಿತ್ತು.

‘ಅಂದಹಾಗೆ, ಊಟ ಆಯ್ತಾ?’

‘ಆಯ್ತು’ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಸುಳ್ಳು ಈಗಷ್ಟೇ ಹೇಳಿದ್ದೆ, ಅದೇ ಮುದುಕರಿಗೆ ಇನ್ನೊಂದು ಹೇಳಲಾಗಲಿಲ್ಲ.

‘ಇಲ್ಲ,’ ಅಂದೆ.

‘ನಂದೂ ಆಗಿಲ್ಲ,’ ಎಂದು ಅವರು ಎರಡು ಲೋಟ ಅಕ್ಕಿ ಅಳೆದರು.